ಡಬ್ಬಿ ಬಂದ್ ಮಾಡಬ್ಯಾಡ್ರಿ

ರೀ,

ನನ್ನ ತಂಗಿ ಮಗಳು ಅಕ್ಷತಾನ ಕೂಸು ನೋಡಾಕ ಕುರುಗೋಡಿಗೆ ಹೊಂಟೀನಿ, ಸಂಜಿಗೆ ಬರ್ತೀನಿ. ಮಿರ್ಚಿ ಹಿಟ್ಟು ಕಲಸಿಟ್ಟೀನಿ, ಮತ್ತ ನೀರು ಹಾಕಬ್ಯಾಡ್ರಿ.

ನಿನ್ನೆ ನೀವು ಸಿಟ್ಟಿನಾಗ ಅಂಗಡಿಯಿಂದ ಕಿತ್ತು ತಂದ ಸ್ಕ್ಯಾನರ್ ಹಾಳಿನ್ನ ರಟ್ಟಿಗೆ ಅಂಟಿಸಿ ಹಿಟ್ಟಿನ ಬಕೆಟ್ ಬಾಜೂಕ ಇಟ್ಟೀನಿ. ಸುಮ್ನ ಒಯ್ದು ಗಲ್ಲಾ ಮುಂದ ಕಟ್ರಿ.

ಆ ಗಿರಾಕಿ ರೊಕ್ಕ ಹಾಕದ, ಹಿಂದ್ಯಾವಾಗೋ ರೊಕ್ಕ ಹಾಕಿದ್ದರ ಹಳೇ ಫೋಟೋ ಫೋನಿನಾಗ ತೋರಿಸಿ ಹೋದದ್ದು ಖರೇ. ಆದ್ರ ಪೂಜಿ ಹೊತ್ತಿನಾಗ ಒದರ್ತೈತಿ ಅಂತ ರೊಕ್ಕ ಬಂದದ್ದು ಹೇಳೋ ಡಬ್ಬಿನ ಬಂದ್ ಮಾಡಿದವ್ರು ಯಾರು? ಆಮ್ಯಾಲ ಚಾಲೂ ಮಾಡೋದು ಮರೆತವ್ರು ಯಾರು? ಅದರ ಬಾಯಿ ನೀವೇ ಮುಚ್ಚಿ, ಅದು ಹೇಳಲಿಲ್ಲ ಅಂತ ಬೈದ್ರ ಹೆಂಗ?

ಬೋಣಿಗೆ ನೋಟೇ ಬೇಕಂದ್ರ ಇಸ್ಕೊಂಡು ಕಣ್ಣಿಗೊತ್ತಿಕೊಳ್ರಿ, ನಾ ಬ್ಯಾಡ ಅನ್ನಂಗಿಲ್ಲ. ಉಳಿದವ್ರಿಗೆ ಮಾತ್ರ ಸ್ಕ್ಯಾನರ್ ಇಲ್ಲ ಅನ್ನಬ್ಯಾಡ್ರಿ. ಕೌಲ್ ಬಜಾರಿನಾಗ ಈಗ ಯಾರ ಕಿಸೇದಾಗ ಚಿಲ್ಲರ ಐತಿ? ಮಂದಿ ಬಾಜೂ ಬಂಡಿಗೆ ಹೋಗ್ತಾರ. ಯಾರು ಏನ ತೋರಿಸಲಿ, ಡಬ್ಬಿ ಒದರಿದ ಮ್ಯಾಲೇ ಮಿರ್ಚಿ ಕೈಗೆ ಕೊಡ್ರಿ.

ಫೋನ್ ಮಾಡಿದ್ರ ಎಣ್ಣಿ ಮುಂದ ನೀವು ಎತ್ತಂಗಿಲ್ಲ. ಅದಕ್ಕ ಬಸ್ ಇಳಿದ ಕೂಡಲೇ ನಮ್ಮ ಅಂಗಡಿಗೆ ಒಂದು ರೂಪಾಯಿ ಹಾಕ್ತೀನಿ. ಡಬ್ಬಿ ‘ಒಂದು ರೂಪಾಯಿ’ ಅಂತ ಒದರಿದ್ರ ನಾ ಸುಖವಾಗಿ ಮುಟ್ಟೀನಿ ಅಂತ ತಿಳೀರಿ.

ಬಂದ್ ಮಾಡಿಟ್ರ, ದಿನಪೂರ್ತಿ ನನ್ನ ಚಿಂತ್ಯಾಗ ಕುಂದರ್ರಿ.

ಕೊಟ್ರಬಸಮ್ಮ