ಅತ್ತೆ ನರ್ಸನ್ನು ಕೇಳಿದ್ದು

ನಮ್ಮ ಮನೆಯವರಿಗೆ,

ನಾನೂ ಅತ್ತೆಯೂ ಶಿಬಿರದಲ್ಲಿ ಕ್ಷೇಮ. ಕರೆಂಟಿನ ಕೆಲಸಕ್ಕೆಂದು ನೀವು ಊರಲ್ಲೇ ಉಳಿದ ಮೇಲೆ ನಿಮ್ಮ ಸುದ್ದಿಯೇ ಇಲ್ಲ. ನೆರೆ ನೀರಿನಲ್ಲಿ ಬರುವಾಗ ಅತ್ತೆಯ ಕಾಲಿಗೆ ತಗಡು ಕೊಯ್ದು, ಕೀವಾಗಿ ಜ್ವರ ಬಂದಿತ್ತು. ಡಾಕ್ಟರು ವಿಚಾರಿಸಿದರೆ, "ನನಗೇನು ರೋಗ? ಗುಂಡುಕಲ್ಲಿನ ಹಾಗಿದ್ದೀನಿ" ಎಂದುಬಿಟ್ಟರು. ನಮ್ಮೂರ ಆಸ್ಪತ್ರೆ ಮುಳುಗಿದ್ದರೂ ಅಲ್ಲಿನ ದಾಖಲೆ ಇಲ್ಲಿಯ ಕಂಪ್ಯೂಟರಿನಲ್ಲಿ ಸಿಗುತ್ತದಂತೆ. ಅದನ್ನು ನೋಡಿದ ನರ್ಸ್, "ಪೆನಿಸಿಲಿನ್ ಬೇಡ ಡಾಕ್ಟ್ರೇ, ಹಿಂದೆ ಇವರಿಗೆ ಉಸಿರೇ ಕಟ್ಟಿತ್ತಂತೆ" ಎಂದರು. ಡಾಕ್ಟರು ತುಂಬಿದ್ದ ಸಿರಿಂಜನ್ನು ಕೆಳಗಿಟ್ಟು ಬೇರೆ ಔಷಧಿ ಕೊಟ್ಟರು. ಈಗ ಜ್ವರ ಇಳಿದಿದೆ.

ಆಮೇಲೆ ಅತ್ತೆ ನರ್ಸಿಗೆ, "ಆ ಕಂಪ್ಯೂಟರು ನನ್ನ ವಿಷಯವೆಲ್ಲ ಹೇಳ್ತಲ್ಲ, ನನ್ನ ಮಗ ಎಲ್ಲಿದ್ದಾನೆ ಅಂತಲೂ ಅದನ್ನ ಕೇಳಮ್ಮ" ಎಂದರು. ನರ್ಸ್ ಅವರ ಕೈ ಹಿಡಿದುಕೊಂಡರು.

ಊರಿಗೆ ಹೊರಟ ದೋಣಿಯವರು ಕರೆಂಟಿನ ಕೆಲಸದವರನ್ನೆಲ್ಲ ಕೇಳಿ ಈ ಪತ್ರ ತಲುಪಿಸುತ್ತಾರಂತೆ. ಕೈ ಸೇರಿದರೆ ಅವರ ಬಳಿಯೇ ಒಂದು ಮಾತು ಹೇಳಿ ಕಳಿಸಿ.

ನಿಮ್ಮವಳು