ಎಡಗಡೆ ನಡೆಯುವ ಹುಡುಗ

ಘೋರ್ಪಡಿ, ಪುಣೆ
೮ ಫೆಬ್ರವರಿ ೨೦೨೫, ಶನಿವಾರ ಮಧ್ಯಾಹ್ನ

ಪ್ರೀತಿಯ ಶಾಮಲಾ,

ಅವ್ವನವರ ಕೈ ಹೇಗಿದೆ? ಪ್ಲಾಸ್ಟರ್ ಬಿಚ್ಚುವವರೆಗೆ ಅವರನ್ನು ಒಲೆಯ ಹತ್ತಿರ ಬಿಡಬೇಡ. "ಬರೇ ಹಾಲು ನೋಡ್ಲಿಕ್ಕೆ ಬಂದೆ" ಎನ್ನುತ್ತ ಒಂದೇ ಕೈಯಲ್ಲಿ ಭಕ್ರಿ ಬಡಿಯಲು ನಿಂತುಬಿಡುವವರ ಪೈಕಿ ಅವರು. ನಿನ್ನ ಮಂಡಿನೋವು ಕಡಿಮೆಯಾಗಿದೆಯೇ? ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಸೀಸೆ ಹಾಗೇ ಚೀಲದಲ್ಲಿ ಕೂತಿದೆಯೋ? ಇಲ್ಲಿ ನಾವಿಬ್ಬರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ನಾನು ಕ್ಷೇಮವಾಗಿದ್ದೇನೆ. ನಿನ್ನ ಮಗಳ ವಿಷಯದಲ್ಲಿ ಆ ಶಬ್ದ ಬರೆಯಲು ಪೆನ್ನು ಏಳುತ್ತಿಲ್ಲ, ಅದಕ್ಕೇ ಈ ಪತ್ರ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಕಾಯಿಪಲ್ಲೆ ಹೆಚ್ಚುತ್ತ ಮಾತಾಡುವವಳು. ನಾನಿಲ್ಲಿ ಕೆಮ್ಮಿದರೆ ಅಲ್ಲಿಂದ ನಿನ್ನ ವೈನಿ "ಕಷಾಯ ಮಾಡ್ಕೊಂಡು ಕುಡೀರಿ ಅಂತ ಹೇಳ್ರಿ ಅವರಿಗೆ" ಎನ್ನುವುದು ನನಗೆ ಕೇಳಿಸುತ್ತದೆ. ವಾಟ್ಸಪ್ಪಿನಲ್ಲಿ ಬರೆಯೋಣವೆಂದರೆ ನನ್ನ ಫೋನು ನನಗಿಂತ ಹೆಚ್ಚು ಹೊತ್ತು ಮಗಳ ಕೈಯಲ್ಲಿರುತ್ತದೆ. ನನ್ನ ಜೊತೆಯ ಟಿ.ಸಿ. ಅಭಿಲಾಷನಿಗೆ ಇವತ್ತು ಹುಬ್ಬಳ್ಳಿ ಗಾಡಿಯ ಡ್ಯೂಟಿ. ಅವನ ಕರಿ ಕೋಟಿನ ಕಿಸೆಯಲ್ಲಿ ಇದನ್ನಿಟ್ಟು ಕಳಿಸುತ್ತೇನೆ. ಅವನಿಗೆ ಕನ್ನಡ ಓದಲು ಬಾರದು, ಅದೂ ಅನುಕೂಲವೇ ಆಯಿತು. ನಿನ್ನ ಅಣ್ಣ ಧಾರವಾಡ ಸ್ಟೇಶನ್ನಿಗೆ ಬಂದು ಇಸಿದುಕೊಳ್ಳಲಿ. ಓದುವಾಗ ಮಾತ್ರ ನೀನೊಬ್ಬಳೇ ಓದು.

ವಿಷಯಕ್ಕೆ ಬರುತ್ತೇನೆ. ಹತ್ತನೆಯ ಪರೀಕ್ಷೆ ಮುಗಿದ ಕೂಡಲೇ ಪೂರ್ವಾಳನ್ನು ಧಾರವಾಡಕ್ಕೆ ಕಳಿಸುವುದೆಂದು ಗಟ್ಟಿ ಮಾಡಿದ್ದೇನೆ. ಪಿ.ಯು. ಅಲ್ಲೇ ಓದಲಿ, ಅಜ್ಜಿಯ ಕಣ್ಣೆದುರಿಗೆ ಇರಲಿ. ಇಲ್ಲಿ ಅವಳ ವರ್ಗದ ಗುಂಪೆಲ್ಲ ಒಂದೇ ಜೂನಿಯರ್ ಕಾಲೇಜಿಗೆ ಹೋಗುವುದೆಂದು ಮಾತಾಗಿದೆಯಂತೆ. ಮುಂಜಾನೆಯಿಂದ ಸಂಜೆಯವರೆಗೆ ಅವಳದು ಅದೇ ಜಪ. ಕಾರಣ ಒಬ್ಬ ಹುಡುಗ, ಹೆಸರು ಮಂದಾರ. ನೀನು ಅವನನ್ನು ಬಲ್ಲೆ. ಸಣ್ಣವನಿದ್ದಾಗ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಬಂದು ಶಿರಾ ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡವನು. ಈಗ ಮೀಸೆ ಚಿಗುರಿದೆ.

ನನಗೆ ಸಂಶಯ ಹೆಚ್ಚು ಎಂದು ನೀನು ಯಾವಾಗಲೂ ಹೇಳುತ್ತೀ. ಹೆಚ್ಚಲ್ಲದೆ ಏನು? ಅದರಿಂದಲೇ ಅಲ್ಲವೇ ನಮ್ಮ ಮನೆ ನಡೆದಿರುವುದು? ಟಿಕೆಟ್ ಇಲ್ಲದವನು ನನ್ನನ್ನು ಕಂಡೊಡನೆ ಕಿಟಕಿಯ ಹೊರಗೆ ಬಹಳ ಆಸಕ್ತಿಯಿಂದ ನೋಡತೊಡಗುತ್ತಾನೆ. ಇಲ್ಲವೇ ಪಕ್ಕದವರನ್ನು ಬೇಡದ ಪ್ರಶ್ನೆ ಕೇಳುತ್ತಾನೆ, ಅಥವಾ ಮಲಗಿಬಿಡುತ್ತಾನೆ. ಗಾಡಿಯ ಡಬ್ಬಿಗೆ ಕಾಲಿಟ್ಟ ಕೂಡಲೇ ನನ್ನ ಮೂಗಿಗೆ ವಾಸನೆ ಬಡಿಯುತ್ತದೆ. ಈಗೀಗ ಆ ವಾಸನೆ ನಮ್ಮ ಮನೆಯಲ್ಲೇ ಬರುತ್ತಿದೆ ಎಂದು ಬರೆಯಲು ನನಗೆ ಸಂತೋಷವೇನೂ ಇಲ್ಲ.

ನೀನು ಊರಿಗೆ ಹೋದಂದಿನಿಂದ ಶಾಲೆ ಬಿಡುವ ಹೊತ್ತಿಗೆ, ಡ್ಯೂಟಿ ಇಲ್ಲದ ದಿನ, ಬಾಲ್ಕನಿಯಲ್ಲಿ ನಿಲ್ಲುತ್ತಿದ್ದೇನೆ. ಬಟ್ಟೆ ಒಣಹಾಕುವ ನೆಪ. ಮೂವರು ಬರುತ್ತಾರೆ: ಪೂರ್ವಾ, ಅವಳ ಗೆಳತಿ ಕೇತಕಿ, ಈ ಮಂದಾರ. ಕೇತಕಿ ಬಲಗಡೆ, ಅವನು ಎಡಗಡೆ, ದಿನವೂ ಹಾಗೆಯೇ. ರಸ್ತೆ ದಾಟಿದ ಮೇಲೆ ಪೂರ್ವಾ ಆಚೆ ಸರಿದರೆ ಅವನು ಹಿಂದಿನಿಂದ ಸುತ್ತುಹಾಕಿ ಮತ್ತೆ ಎಡಗಡೆಗೇ ಬಂದು ಸೇರಿಕೊಳ್ಳುತ್ತಾನೆ. ಬೇರೆ ಹುಡುಗ ಯಾರಾದರೂ ಆ ಕಡೆ ಬಂದರೆ ಅವನನ್ನು ಭುಜದಿಂದ ನೂಕಿ ತಾನು ನಿಲ್ಲುತ್ತಾನೆ. ಮಾತಾಡುವುದು ಮಾತ್ರ ಕೇತಕಿ, ಅವನದು ತುಟಿಪಿಟಕ್ ಇಲ್ಲ. ಮಾತಿಲ್ಲದವನನ್ನು ನಾನು ಮೊದಲೇ ನಂಬುವುದಿಲ್ಲ. ಒಂದು ರಿಕ್ಷಾ ಬಂದಾಗ, ಶಾಮಲಾ, ಅವನು ಅವಳ ಮೊಣಕೈ ಮುಟ್ಟಿದ. ಅವಳು ಬೆಚ್ಚಲಿಲ್ಲ, ಸಿಡುಕಲಿಲ್ಲ, ಸುಮ್ಮನೆ ಸರಿದಳು. ಎಷ್ಟು ರೂಢಿಯಾಗಿರಬೇಕು ನೋಡು! ನನ್ನ ಕೈಯಲ್ಲಿದ್ದ ಅಂಗಿ ಕೆಳಗಿನ ಮನೆಯವರ ತುಳಸಿಯ ಮೇಲೆ ಬಿತ್ತು.

ಮನೆಯಲ್ಲಿ ಇನ್ನೊಂದು ಸೋಂಗು. ಬಲಗೈಯಲ್ಲಿ ಗಣಿತ ಬರೆಯುತ್ತಿರುತ್ತಾಳೆ, ಫೋನು ಬಂದರೆ ಎಡಗೈಯನ್ನು ಮುಖದ ಮುಂದಿನಿಂದ ಸುತ್ತಿ ತಂದು ಬಲಗಿವಿಗೆ ಹಿಡಿಯುತ್ತಾಳೆ. ಯೋಗಾಸನ ಮಾಡಿದಂತೆ. ಆ ಕಡೆಯ ಧ್ವನಿ ನನ್ನ ಕುರ್ಚಿಯವರೆಗೆ ಬರಬಾರದೆಂದು ತಾನೇ? ನಾನು ಒಳಗಿನಿಂದ ಕರೆದರೆ ಕೆಲವು ಸಲ "ಬಂದೆ ಅಪ್ಪಾ" ಎನ್ನುತ್ತಾಳೆ, ಕೆಲವು ಸಲ ಕಲ್ಲಿನಂತೆ ಕೂತಿರುತ್ತಾಳೆ. ಆಮೇಲೆ "ಕರದ್ರೇನು?" ಎಂದು ಕಣ್ಣರಳಿಸಿ ಕೇಳುತ್ತಾಳೆ. ಆ ಕಣ್ಣು ನೋಡಿದರೆ ಯಾರಿಗೂ ನಂಬಬೇಕೆನಿಸುತ್ತದೆ, ಅದೇ ಅಪಾಯ.

ಇದೆಲ್ಲ ಬಿಡು, ಗುರುವಾರದ ಸೆಂಡ್-ಆಫ್ ಕೇಳು. ಹತ್ತನೆಯವರನ್ನು ಬೀಳ್ಕೊಡುವ ಸಮಾರಂಭಕ್ಕೆ ಈ ಸಲ ಪಾಲಕರನ್ನೂ ಕರೆದಿದ್ದರು. ನಿನ್ನ ಜಾಂಬಳಿ ಬಣ್ಣದ ಇಳಕಲ್ ಸೀರೆ ಉಟ್ಟು, ಕೇತಕಿಯಿಂದ ಪಿನ್ನು ಹಾಕಿಸಿಕೊಂಡು ಹೊರಬಂದಳು. ಒಂದು ಗಳಿಗೆ ನನಗೆ ಸಂಶಯ ಗಿಂಶಯ ಎಲ್ಲ ಮರೆತೇಹೋಯಿತು. ನೀನಿರಬೇಕಿತ್ತು. ನಾನು ಬರೇ "ಚಪ್ಪಲಿ ಸರಿ ಹಾಕ್ಕೋ" ಎಂದೆ.

ಆ ಮಕ್ಕಳು ಬಾಲವಾಡಿಯಿಂದ ಒಂದೇ ತುಕಡಿಯಲ್ಲಿ ಬೆಳೆದವರು. ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ಹಳೆಯದನ್ನೆಲ್ಲ ತೆಗೆದರು. ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಗುಬ್ಬಿ ಗೂಡು ಕಟ್ಟಿದ್ದಾಗ ಮರಿ ಹಾರುವವರೆಗೆ ಫ್ಯಾನ್ ಹಾಕಲು ಬಿಡದೆ ಎಲ್ಲರೂ ಬೆವರುತ್ತ ಕೂತದ್ದು, ಲಾಕ್‌ಡೌನಿನಲ್ಲಿ ಇತಿಹಾಸದ ಪಾಠ ನಡೆದಿರುವಾಗ ಕೇತಕಿಯ ಅಜ್ಜ ಪಂಚೆ ಸುತ್ತಿಕೊಂಡು ಕ್ಯಾಮೆರಾದ ಮುಂದೆ ಹಾದುಹೋದದ್ದು, ಪಿ.ಟಿ. ಸರ್ ಸೀಟಿ ಕಳೆದುಕೊಂಡು ಇಡೀ ಮೈದಾನ ಹುಡುಕಿಸಿದಾಗ ಅದು ಅವರ ಕೊರಳಲ್ಲೇ ಇದ್ದದ್ದು. ನಕ್ಕೂ ನಕ್ಕೂ ಪಕ್ಕದಲ್ಲಿ ಕೂತಿದ್ದ ತಾಯಿಯೊಬ್ಬರಿಗೆ ಬಿಕ್ಕಳಿಕೆ ಹತ್ತಿತು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ಆಗ ಅವರ ವರ್ಗಶಿಕ್ಷಕಿ ಭಿಡೆ ಮಿಸ್ ಎದ್ದರು. ಎಂಟನೆಯಿಂದ ಈ ಮಕ್ಕಳನ್ನು ನೋಡಿಕೊಂಡವರು. "ನಿಮ್ಮ ಒಂದು ಕಿಡಿಗೇಡಿತನ ಮಾತ್ರ ನನಗೆ ಇಂದಿಗೂ ತಿಳಿದಿಲ್ಲ. ಪ್ರತಿ ಸೋಮವಾರ ಎಲ್ಲರ ಜಾಗ ಬದಲಿಸುತ್ತಿದ್ದೆ. ಮಂಗಳವಾರ ಬಂದು ನೋಡಿದರೆ ಪೂರ್ವಾ ಮತ್ತೆ ಎಡಗೋಡೆಯ ಬೆಂಚಿನಲ್ಲೇ! ಬೈದರೆ ಬೇರೆ ಯಾರೋ ಎದ್ದು ತಪ್ಪು ತಮ್ಮದೆನ್ನುತ್ತಿದ್ದರು. ಇವತ್ತಾದರೂ ಹೇಳಿ" ಎಂದು ಕೇಳಿದರು. ಪಾಲಕರೆಲ್ಲ ನಕ್ಕರು. ಮಕ್ಕಳಲ್ಲಿ ಒಂದಾದರೂ ನಗಬೇಕಲ್ಲ! ಎಲ್ಲರೂ ತಲೆ ತಗ್ಗಿಸಿದರು. ಮಂದಾರ ಬೂಟಿನ ಲೇಸು ಕಟ್ಟಲು ಬಗ್ಗಿದ. ಅವನು ಹಾಕಿಕೊಂಡದ್ದು ಲೇಸಿಲ್ಲದ ಬೂಟು. ಇಡೀ ಡಬ್ಬಿಯೇ ಟಿಕೆಟ್ ಇಲ್ಲದೆ ಕೂತಿದೆ ಎಂದು ನನಗೆ ಆಗ ಖಾತ್ರಿಯಾಯಿತು.

ಕೊನೆಗೆ ಕೇತಕಿಯ ಸರದಿ. ಎಂಟನೆಯ ವರ್ಗದಲ್ಲಿ ಆಷಾಢದ ಯಾತ್ರೆಯ ಪಲ್ಲಕ್ಕಿ ಹೊರಟಾಗ ನಡೆದು ಹೋಗುವ ವಾರಕರಿಗಳಿಗೆ ನೀರು ಕೊಡಲು ಶಾಲೆಯವರು ಇವರನ್ನು ಸಾಸವಡಕ್ಕೆ ಕರೆದೊಯ್ದಿದ್ದರಲ್ಲ, ಆ ದಿನದ ಮಾತು ತೆಗೆದಳು. "ಅವತ್ತು ನಾವು ಪೂರ್ವಾಳನ್ನು..." ಎಂದವಳು ಅಲ್ಲಿಗೇ ನಿಂತಳು. ಕೆಳಗಿನಿಂದ ಮಂದಾರ ತಲೆ ಅಲ್ಲಾಡಿಸಿದ್ದನ್ನು ನಾನು ಈ ಕಣ್ಣಿನಿಂದ ಕಂಡೆ. ಹುಡುಗಿ ಉಗುಳು ನುಂಗಿ ಶೇಂಗಾ ಚಿಕ್ಕಿಯ ಸುದ್ದಿಗೆ ಹಾರಿದಳು. ಆಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಅಷ್ಟು ವರ್ಷ ಜೊತೆಗಿದ್ದವರು ಅಳಲಿ, ನನ್ನ ತಕರಾರಿಲ್ಲ. ಆದರೆ ಒಬ್ಬೊಬ್ಬರೂ ನಮ್ಮ ಹುಡುಗಿಯ ಹತ್ತಿರ ಬಂದು, ಅವಳ ಬಲಗಿವಿಯಲ್ಲಿ ಏನೋ ಪಿಸುಗುಟ್ಟಿ ಹೋದರು. ನಾನು ಗೇಟಿನಲ್ಲಿ ಮಂದಾರನನ್ನು ಹಿಡಿದು ಸಾಸವಡದಲ್ಲಿ ಏನಾಯಿತೆಂದು ಕೇಳಿದೆ. "ಕಾಹೀ ನಾಹೀ, ಕಾಕಾ" ಎಂದು ನನ್ನ ಭುಜದಾಚೆ ಇದ್ದ ಐಸ್‌ಕ್ರೀಮ್ ಗಾಡಿಯನ್ನು ಬಹಳ ಆಸಕ್ತಿಯಿಂದ ನೋಡಿದ. ದಾರಿಯಲ್ಲಿ ಪೂರ್ವಾಳನ್ನು ಕೇಳಿದರೆ ಅವಳೂ ಅದನ್ನೇ, "ಏನಿಲ್ಲಪ್ಪಾ, ಭಾಳ ಮಳಿ ಬಂದಿತ್ತು" ಎಂದಳು. ಅಂದಿನಿಂದ ನನಗೆ ಊಟ ರುಚಿಸುತ್ತಿಲ್ಲ. ಸಾಸವಡದಲ್ಲಿ ನನ್ನ ಮಗಳಿಗೆ ಏನೋ ಆಗಿದೆ. ಊರಿಗೆಲ್ಲ ಗೊತ್ತಿದೆ, ನನಗೊಬ್ಬನಿಗೆ ಗೊತ್ತಿಲ್ಲ.

ಆದ್ದರಿಂದ ನಿನ್ನ ಅಣ್ಣನಿಗೆ ಹೇಳಿ ಅಲ್ಲಿಯ ಕಾಲೇಜಿನಲ್ಲಿ ವಿಚಾರಿಸು. ಅವಳು ಅಳುತ್ತಾಳೆ, ನೀನು ಕರಗುತ್ತೀ, ಅದೆಲ್ಲ ನನಗೆ ಗೊತ್ತು. ಈ ಸಲ ನಾನು ಕರಗುವುದಿಲ್ಲ. ಅವ್ವನವರಿಗೆ ನನ್ನ ನಮಸ್ಕಾರ ತಿಳಿಸು. ವೈನಿಯವರಿಗೆ ಅಗಸಿ ಚಟ್ನಿ ಮುಗಿದಿದೆ ಎಂದು ಮೆಲ್ಲಗೆ ಸೂಚಿಸು. ರಾಯರು ಎಲ್ಲರನ್ನೂ ಸುಖವಾಗಿಟ್ಟಿರಲಿ.

ನಿನ್ನ,
ವಾದಿರಾಜ

ತಾ.ಕ.: ಅಭಿಲಾಷ ಕೆಳಗೆ ಬಂದು ಹಾರ್ನ್ ಬಾರಿಸುತ್ತಿದ್ದಾನೆ. ಮೇಲಿನದನ್ನು ಹರಿದು ಬೇರೆ ಬರೆಯಲು ವೇಳೆಯಿಲ್ಲ, ಹಾಗೇ ಕಳಿಸುತ್ತಿದ್ದೇನೆ. ಧಾರವಾಡದ ಮಾತು ಬಿಟ್ಟುಬಿಡು. ಅಣ್ಣನಿಗೆ ಏನೂ ಹೇಳಬೇಡ.

ಲಕೋಟೆ ಹುಡುಕಲು ಒಳಗೆ ಹೋದೆ. ಪೂರ್ವಾ ಬಲಮಗ್ಗುಲಾಗಿ, ಬಲಗಿವಿಯನ್ನು ದಿಂಬಿನಲ್ಲಿ ಹುಗಿದು ಮಲಗಿದ್ದಳು. ಕರೆದೆ, ಏಳಲಿಲ್ಲ. ಗಾಡಿಯಲ್ಲಿ ನಿದ್ದೆಯ ಸೋಂಗು ಹಾಕುವವರನ್ನು ಹಿಡಿಯಲು ನಾವು ಮುಖ ನೋಡುವುದಿಲ್ಲ, ರೆಪ್ಪೆ ನೋಡುತ್ತೇವೆ. ಹೆಸರು ಕೂಗಿದರೆ ರೆಪ್ಪೆಯೊಳಗೆ ಗುಡ್ಡೆ ಓಡಾಡುತ್ತದೆ, ಅದನ್ನು ಯಾರಿಂದಲೂ ತಡೆಯಲಾಗದು. ಬಗ್ಗಿ, ಮೇಲಿದ್ದ ಎಡಗಿವಿಯ ಹತ್ತಿರ ಹೆಸರು ಹಿಡಿದು ಕೂಗಿದೆ. ಕೀಲಿಗೊಂಚಲು ಅಲ್ಲಾಡಿಸಿದೆ. ರೆಪ್ಪೆ ಅಲುಗಲಿಲ್ಲ, ಶಾಮಲಾ. ಮೊಣಕೈ ಮುಟ್ಟಿದೆ, ತಕ್ಷಣ ಎದ್ದು ಕೂತಳು. ನಾನು ಅವಳ ಎಡಗಡೆಯೇ ನಿಂತು, ಮೆಲ್ಲಗೆ, "ಈ ಕಿವಿ ಕೇಳಸೂದಿಲ್ಲೇನವಾ?" ಎಂದೆ. ಅವಳು ಮುಖ ತಿರುಗಿಸಿ ಬಲಗಿವಿ ಕೊಟ್ಟು "ಏನಂದ್ರಿ?" ಎಂದಳು.

ಏಳನೆಯ ವರ್ಗದಲ್ಲಿ ಮಂಗಬಾವು ಬಂದಿತ್ತಲ್ಲ, ಅದು ಇಳಿದಾಗಿನಿಂದ ಎಡಗಿವಿ ಪೂರ್ತಿ ಹೋಗಿದೆಯಂತೆ. ಯಾರಿಗೂ ಹೇಳಬಾರದೆಂದು ವರ್ಗದವರಿಂದೆಲ್ಲ ಆಣೆ ಹಾಕಿಸಿಕೊಂಡಿದ್ದಾಳೆ. ಗೋಡೆ ಎಡಕ್ಕಿದ್ದರೆ ಮಾತೆಲ್ಲ ಬಲದಿಂದಲೇ ಬರುತ್ತದೆ, ಅದಕ್ಕೇ ಆ ಬೆಂಚು. ಸಾಸವಡದಲ್ಲಿ ತಾಳ ಮೃದಂಗದ ಗದ್ದಲದಲ್ಲಿ ನೀರಿನ ಟ್ಯಾಂಕರು ಎಡಗಡೆಯಿಂದ ಹಿಮ್ಮುಖವಾಗಿ ಬರುತ್ತಿದ್ದದ್ದು ಇವಳಿಗೆ ಗೊತ್ತೇ ಆಗಲಿಲ್ಲ. ಮಂದಾರ ಜಡೆ ಹಿಡಿದು ಎಳೆದನಂತೆ. ಅಂದಿನಿಂದ ಆ ಹುಡುಗ ಎಡಗಡೆ ನಡೆಯುತ್ತಿದ್ದಾನೆ. ನಾಳೆ ಅವನನ್ನು ಊಟಕ್ಕೆ ಕರೆದಿದ್ದೇನೆ. ಅವನೆದುರು ನನ್ನ ಮುಖ ಹೇಗಿರಬೇಕೋ ತಿಳಿಯದು. ಸೋಮವಾರ ಕಿವಿಯ ಡಾಕ್ಟರಲ್ಲಿಗೆ ಹೋಗುತ್ತೇವೆ, ಸಾಧ್ಯವಾದರೆ ನೀನೂ ಅಷ್ಟರೊಳಗೆ ಬಾ.

ಮನೆಯವರಿಗೇಕೆ ಹೇಳಲಿಲ್ಲ ಎಂದು ಕೇಳಿದೆ. ಸಿಟ್ಟಿಲ್ಲದೆ, ನನ್ನನ್ನೇ ಸಮಾಧಾನ ಮಾಡುವಂತೆ ಹೇಳಿದಳು: "ಹೇಳಿದ್ದೆನಲ್ಲಪ್ಪಾ, ಆವಾಗನ. ಶಾಲಿ ತಪ್ಪಸ್ಲಿಕ್ಕೆ ನಾಟಕ ಮಾಡ್ತಾಳ ಅಂದ್ರಿ." ನನಗೆ ನೆನಪೇ ಇಲ್ಲ, ಶಾಮಲಾ. ನಿನಗಿದೆಯೇ? ಇನ್ನೊಂದು ಸಲ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆಂದುಕೊಂಡೆ. ನೀನು ಬಂದು ಕೇಳು.