ಖಳನಾಯಕನ ಕೆಮ್ಮು

ಬರ್ಬ್ಯಾಂಕ್, ಕ್ಯಾಲಿಫೋರ್ನಿಯಾ
3 ಅಕ್ಟೋಬರ್ 1998

ನನ್ನ ಮುದ್ದು ಶಾಹೆ,

ಹಡಗಿನಲ್ಲಿ ಹೇಗಿದ್ದೀಯ? ಬೆನ್ನುನೋವು ಇಳಿಯಿತೆ? ಸಮುದ್ರ ಜೋರಾದಾಗ ಊಟ ಸೇರುವುದಿಲ್ಲ ಅಂದಿದ್ದೆ. ಒಣಗಿಸಿದ ಏಪ್ರಿಕಾಟ್ ಕಳಿಸಿದ್ದೇನೆ, ಎಲ್ಲರಿಗೂ ಹಂಚಿ ಖಾಲಿ ಮಾಡಬೇಡ. ನಾನು ಚೆನ್ನಾಗಿದ್ದೇನೆ, ಕೆಲಸಕ್ಕೆ ಹೋಗುತ್ತಿದ್ದೇನೆ. ನಿನ್ನ ಅಪ್ಪ ತೀರಿಹೋಗಿ ಆರು ತಿಂಗಳಾಯಿತು. ನಮ್ಮ ಕಾರ್ಟೂನ್ ಸ್ಟುಡಿಯೋದಲ್ಲಿ ಅವರ ಕುರ್ಚಿಯಲ್ಲಿ ಈಗ ಬೇರೊಬ್ಬಳು ಕೂತು ಹಿನ್ನೆಲೆ ಚಿತ್ರ ಬರೆಯುತ್ತಾಳೆ. ನಾನು ಬಣ್ಣ ನೋಡುವ ಮೇಜಿನಿಂದ ಅವಳ ಬೆನ್ನು ಮಾತ್ರ ಕಾಣುತ್ತದೆ.

ಫೋನಿನಲ್ಲಿ ನೀನು ಸಿಟ್ಟಾದೆ. "ಅಪ್ಪ ಕೆಮ್ಮಿದ್ದನ್ನ ಕಾರ್ಟೂನಲ್ಲಿ ಕೇಳಿ ಜನ ನಗ್ಬೇಕಾ ಅಮ್ಮ?" ಅಂದೆ. ಈಗ ಸರಿಯಾಗಿ ಹೇಳುತ್ತೇನೆ. ಅದು ಹಳೆಯ ಗೂಢಚಾರ ಸಿನಿಮಾಗಳನ್ನೆಲ್ಲ ಗೇಲಿ ಮಾಡುವ ಕಂತು. ಖಳನಾಯಕನ ಮಡಿಲಲ್ಲಿ ಬೆಕ್ಕಿನ ಬದಲು ಕೋಳಿ. ಗೂಢಚಾರ ಕೋಟಿನ ಗುಂಡಿ ಒತ್ತಿದರೆ ಜೇಬಿನಿಂದ ಸುಟ್ಟ ಬ್ರೆಡ್ ಪುಟಿದು ಹೊರಬರುತ್ತದೆ. ಚಿತ್ರ ಬರೆಯುವವರಿಗೆ ಮಾತಿನ ಉದ್ದದ ಅಳತೆ ಸಿಗಲೆಂದು ಮೊದಲು ಕಚೇರಿಯವರೇ ಯಾರಾದರೂ ಮಾತು ಓದಿ ರೆಕಾರ್ಡ್ ಮಾಡುತ್ತೇವಲ್ಲ, ಖಳನಾಯಕನದನ್ನು ಜನವರಿಯಲ್ಲಿ ಅಪ್ಪ ಓದಿದರು. "ಲೋಕ ಸುಡೋಕೆ ಹೊರಟೋನು ಇಷ್ಟುದ್ದ ಭಾಷಣ ಬಿಗೀತಾ ಕೂತ್ರೆ, ಕಟ್ಟಿಹಾಕಿದೋನು ತಪ್ಪಿಸ್ಕೊಳ್ದೆ ಇನ್ನೇನ್ ಮಾಡ್ತಾನ್ರೀ?" ಎಂದು ನಕ್ಕು ಓದತೊಡಗಿದರು. ನಡುವೆ ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ, "ತಾಳ್ರಪ್ಪಾ, ನೀರು" ಎಂದರು. ಅದನ್ನು ಕತ್ತರಿಸಬೇಕಿತ್ತು, ಮರೆತೆವು. ಟೇಪು ಹಾಗೇ ಚಿತ್ರ ಬರೆಯುವವರಿಗೆಂದು ಕೊರಿಯಾಕ್ಕೆ ಹೋಯಿತು. ಕೇಳಿಸಿದ್ದನ್ನೆಲ್ಲ ಚಿತ್ರವಾಗಿ ಬರೆಯುವುದು ಅಲ್ಲಿಯವರ ಕೆಲಸ, ಕೆಮ್ಮನ್ನೂ ಬರೆದರು. ಖಳನಾಯಕ ಕೆಮ್ಮುತ್ತಾನೆ, ಕೋಳಿ ಹಾರುತ್ತದೆ, ಕೈಕಾಲು ಕಟ್ಟಿಸಿಕೊಂಡ ಗೂಢಚಾರನೇ ಕುರ್ಚಿ ಸಮೇತ ಕುಪ್ಪಳಿಸಿ ಹೋಗಿ, ಹಲ್ಲಲ್ಲಿ ಲೋಟ ಕಚ್ಚಿ ಅವನಿಗೆ ನೀರು ತಂದುಕೊಡುತ್ತಾನೆ.

ಕಳೆದ ತಿಂಗಳು ಎಲ್ಲರೂ ಕೂತು ನೋಡಿದೆವು. ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಹೊಸದಾಗಿ ಸೇರಿದ ಡೆಸ್ಮಂಡ್, ಪಾಪ ಅವನಿಗೇನು ಗೊತ್ತು, "ಈ ಕೆಮ್ಮು ಬರೆದೋರ್ಗೆ ಸಂಬಳ ಜಾಸ್ತಿ ಮಾಡ್ರಪ್ಪಾ!" ಎಂದ. ನಿರ್ದೇಶಕಿ ನಡೀನ್ ಪ್ರದರ್ಶನ ನಿಲ್ಲಿಸಿ ನನ್ನ ಹತ್ತಿರ ಬಂದಳು. "ಅನಾಹಿತ್, ತೆಗೆದುಬಿಡ್ತೀನಿ ಕಣೇ. ಒಬ್ಬ ನಟನ ಕೈಲಿ ಹೇಳಿಸ್ತೀನಿ" ಅಂದಳು. "ತೆಗಿ, ನಾನೂ ಮೇಜು ಖಾಲಿ ಮಾಡ್ತೀನಿ" ಅಂದೆ. ಹತ್ತೊಂಬತ್ತು ವರ್ಷದಲ್ಲಿ ಅಲ್ಲಿ ನಾನು ದನಿ ಏರಿಸಿದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ಅಪ್ಪ ಕೆಮ್ಮಿದಾಗಲೆಲ್ಲ ಬಂದವರು ತಲೆ ತಗ್ಗಿಸುತ್ತಿದ್ದರು. ಅಪ್ಪನಿಗೆ ಆ ತಲೆ ತಗ್ಗಿಸುವುದನ್ನು ಕಂಡರೆ ಆಗುತ್ತಿರಲಿಲ್ಲ. "ಯಾರಾದ್ರೂ ಒಂದು ತಮಾಷೆ ಹೇಳ್ರೋ, ಇನ್ನೂ ಸತ್ತಿಲ್ಲ ನಾನು" ಎಂದು ಗದರುತ್ತಿದ್ದರು. ನೀನು ಹಡಗಿನಲ್ಲಿದ್ದೆ, ನೋಡಿಲ್ಲ. ದೂರುತ್ತಿಲ್ಲ ಮಗನೆ, ತಿಳಿದಿರಲಿ ಅಂತ ಬರೆದೆ.

ನೀನು ಹೋದ ನೀರಲ್ಲೆಲ್ಲ ದೇವರು ಜೊತೆಗಿರಲಿ. ಅಜ್ಜಿ ನಿನ್ನ ಎರಡೂ ಕೆನ್ನೆಗೆ ಮುತ್ತು ಕಳಿಸಿದ್ದಾಳೆ.

ನಿನ್ನ ಅಮ್ಮ,
ಅನಾಹಿತ್

ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಕಂತಿನಲ್ಲಿ ಅಪ್ಪನ ದನಿ ಉಳಿಯಬೇಕಾದರೆ ಅವರ ವಾರಸುದಾರರಾಗಿ ನಾವಿಬ್ಬರೂ ಸಹಿ ಹಾಕಬೇಕು. ಕಾಗದ ಇದರೊಳಗೇ ಇದೆ, ನನ್ನದು ಹಾಕಿದ್ದೇನೆ. ನವೆಂಬರ್ ಹತ್ತರೊಳಗೆ ನಿನ್ನದು ಬರದಿದ್ದರೆ ನಟನನ್ನು ಕರೆಸುತ್ತಾರೆ. ಹಾಕು ಶಾಹೆ. ಫೋನಿನಲ್ಲಿ ನಿನಗೆ ಹೇಳಲು ಧೈರ್ಯ ಬರಲಿಲ್ಲ: ಆವತ್ತು ಆ ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ನಕ್ಕವಳು ನಾನು.